ಶೂ ಎಲ್ಲಿ ಕಚ್ಚುತ್ತದೆ, ಯಾಕೆ ಕಚ್ಚುತ್ತದೆ: ರಸ್ತೆ ಓಟದ ಶೂ ದೋಷ ಪತ್ತೆ ಮತ್ತು ಕೊಳ್ಳುವ ಮುಂಚಿನ ಪರೀಕ್ಷೆ

ಓಡಿ ಬಂದವರ ದೂರು ಹೆಚ್ಚಾಗಿ ಒಂದೇ ಸಾಲಿನದು: "ಈ ಶೂ ಬರೋಬರಿ ಇಲ್ರೀ." ಬರೋಬರಿ ಇಲ್ಲದ್ದು ಉದ್ದವೋ, ಅಗಲವೋ, ಲೇಸು ಬಿಗಿದ ರೀತಿಯೋ, ಸತ್ತುಹೋದ ಅಟ್ಟೆಯೋ, ಒಂದೇ ವಾರದಲ್ಲಿ ಎರಡು ಪಟ್ಟು ಮಾಡಿದ ಓಟವೋ ಎಂದು ಬಿಡಿಸಿ ನೋಡಬೇಕು. ನೋಡದೆ ವಿಜಯಪುರದ ಗಾಂಧಿ ಚೌಕಕ್ಕೆ ಹೋಗಿ ಇನ್ನೊಂದು ಜೋಡಿ ತಂದರೆ ಹೊಸದರಲ್ಲೂ ಅದೇ ನೋವು, ಅದೇ ಜಾಗದಲ್ಲಿ. ಸುಮಾರು 100 ಕಿ.ಮೀ. ದೂರದ ಸೊಲ್ಲಾಪುರಕ್ಕೆ ಹೋಗಿ ಇನ್ನೂ ದುಬಾರಿಯದು ತಂದರೂ ಅಷ್ಟೇ.

ಪರೀಕ್ಷೆ ಖರ್ಚಿನ ಕ್ರಮದಲ್ಲಿ ನಡೆಯಲಿ. ಲೇಸು ಬಿಚ್ಚಿ ಕಟ್ಟಲು ಕಾಸು ಬೇಕಿಲ್ಲ. ಸಾಕ್ಸ್ ಬದಲಿಸಲು ಸ್ವಲ್ಪ ಬೇಕು. ಓಟ ಇಳಿಸಲು ಬೇಕಾದ್ದು ತಾಳ್ಮೆ. ಈ ಮೂರೂ ಮುಗಿದ ಮೇಲೆ ಹೊಸ ಶೂ ಮಾತು.

ಮೊದಲು ನಾಲ್ಕು ಪ್ರಶ್ನೆ

ನೋವು ಎಲ್ಲಿದೆ ಎಂಬುದನ್ನು ಒಂದೇ ಬೆರಳಿನಿಂದ ಮುಟ್ಟಿ ತೋರಿಸಲು ಆಗುತ್ತದೆಯೇ? ಓಟದ ಎಷ್ಟನೇ ಕಿಲೋಮೀಟರಿಗೆ ಶುರುವಾಗುತ್ತದೆ? ಒಂದೇ ಕಾಲಿಗೋ, ಎರಡಕ್ಕೂವೋ? ಶೂ ಬಿಚ್ಚಿ ಚಪ್ಪಲಿ ಮೆಟ್ಟಿದ ತಕ್ಷಣ ಹೋಗುತ್ತದೆಯೋ, ಉಳಿಯುತ್ತದೆಯೋ?

ಬಿಚ್ಚಿದ ಕೂಡಲೇ ಹೋಗುವ ನೋವು ಬಹುಮಟ್ಟಿಗೆ ಒತ್ತಡದ್ದು. ಅಂದರೆ ಲೇಸು, ಅಗಲ, ಉದ್ದ ಈ ಮೂರರಲ್ಲಿ ಒಂದು. ಬಿಚ್ಚಿದ ಮೇಲೂ ಉಳಿದು, ಮರುದಿನ ಬೆಳಗ್ಗೆ ಮಂಚದಿಂದ ಇಳಿದ ಮೊದಲ ಹೆಜ್ಜೆಗೆ ಹಿಮ್ಮಡಿಯಲ್ಲಿ ಚುಚ್ಚುವ ನೋವು ಪಾದದ ಅಡಿಯ ಪಟ್ಟಿಯದು. ಬರೀ ಶೂ ಬದಲಿಸಿದರೆ ಹೋಗುವುದಿಲ್ಲ. ಕಣಕಾಲಿನ ಎಲುಬಿನ ಮೇಲೋ ಪಾದದ ಮೇಲೋ ಒಂದೇ ಬಿಂದುವಿನಲ್ಲಿ ಮುಟ್ಟಿದರೆ ನೋವು, ರಾತ್ರಿ ಮಲಗಿದಾಗಲೂ ನೋವು, ಆ ಜಾಗದಲ್ಲಿ ಬಾವು ಇದ್ದರೆ ಓಟ ನಿಲ್ಲಿಸಿ ಎಲುಬಿನ ಡಾಕ್ಟರಿಗೆ ತೋರಿಸಿ. ಎಲುಬಿನಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟಾಗಿನ ಲಕ್ಷಣ ಹೀಗೇ ಇರುತ್ತದೆ. ಸಕ್ಕರೆ ಕಾಯಿಲೆ ಇದ್ದು ಪಾದದ ಸ್ಪರ್ಶ ಕಡಿಮೆಯಾದವರು "ನೋವಿಲ್ಲ" ಎಂಬುದನ್ನು ನಂಬಬಾರದು. ಪ್ರತಿ ಓಟದ ನಂತರ ಅಂಗಾಲು, ಬೆರಳ ಸಂದು ಕಣ್ಣಿನಿಂದಲೇ ನೋಡಬೇಕು.

ಉಗುರು ಕಪ್ಪಾಗಿದೆ

ಅತಿ ಹೆಚ್ಚು ಕಾಣುವ ದೋಷ ಇದು, ಅತಿ ಹೆಚ್ಚು ತಪ್ಪಾಗಿ ಅರ್ಥವಾಗುವುದೂ ಇದೇ. ಹೆಬ್ಬೆರಳಿನ ಅಥವಾ ಪಕ್ಕದ ಬೆರಳಿನ ಉಗುರು ಶೂ ಮೂತಿಗೆ ಸಾವಿರಾರು ಸಲ ಬಡಿದು, ಉಗುರಿನ ಅಡಿ ರಕ್ತ ಹೆಪ್ಪುಗಟ್ಟಿರುತ್ತದೆ. ಶೂ ಗಿಡ್ಡ ಆಯಿತು ಎಂಬುದು ಸಹಜ ಊಹೆ, ಆದರೆ ಕಾರಣ ಎರಡು. ಒಂದು, ನಿಜಕ್ಕೂ ಗಿಡ್ಡ. ಎರಡು, ಉದ್ದ ಸಾಕಷ್ಟಿದೆ, ಹಿಮ್ಮಡಿ ಸಡಿಲವಾಗಿ ಪಾದವೇ ಮುಂದಕ್ಕೆ ಜಾರುತ್ತಿದೆ. ಎರಡನೆಯದನ್ನು ಮೊದಲನೆಯದೆಂದು ತಿಳಿದು ಇನ್ನೂ ಉದ್ದದ್ದು ತಂದರೆ ಜಾರುವುದು ಹೆಚ್ಚುತ್ತದೆ, ಉಗುರು ಇನ್ನೂ ಬೇಗ ಹೋಗುತ್ತದೆ.

ಬೇರ್ಪಡಿಸುವುದು ಹೀಗೆ. ಶೂ ಒಳಗಿನ ಇನ್‌ಸೋಲ್ (ಪಾದದ ಅಡಿಯ ಒಳಹಾಸು) ಹೊರತೆಗೆದು ನೆಲಕ್ಕಿಟ್ಟು, ಹಿಮ್ಮಡಿಯನ್ನು ಅದರ ಹಿಂಬದಿಗೆ ಸರಿಯಾಗಿ ಕೂರಿಸಿ, ಆ ಕಾಲಿನ ಮೇಲೆ ಪೂರ್ತಿ ಭಾರ ಬಿಟ್ಟು ನಿಲ್ಲಿ. ಕುಳಿತು ನೋಡಿದರೆ ಲೆಕ್ಕ ತಪ್ಪುತ್ತದೆ, ಭಾರ ಬಿದ್ದಾಗ ಪಾದ ಉದ್ದಕ್ಕೂ ಅಗಲಕ್ಕೂ ಹರಡುತ್ತದೆ. ಅತಿ ಉದ್ದದ ಬೆರಳಿನ ಮುಂದೆ 1ರಿಂದ 1.2 ಸೆಂ.ಮೀ., ಅಂದರೆ ಹೆಬ್ಬೆಟ್ಟಿನ ಅರ್ಧ ಅಗಲಕ್ಕಿಂತ ತುಸು ಹೆಚ್ಚು ಜಾಗ ಇರಬೇಕು. ಅತಿ ಉದ್ದದ ಬೆರಳು ಎಲ್ಲರಿಗೂ ಹೆಬ್ಬೆರಳೇ ಆಗಿರುವುದಿಲ್ಲ. ಪಕ್ಕದ್ದು ಉದ್ದವಿದ್ದರೆ ಅದರ ಮುಂದೆ ಅಳೆಯಿರಿ.

ಜಾಗ 1 ಸೆಂ.ಮೀ.ಗಿಂತ ತೀರ ಕಡಿಮೆ ಇದ್ದರೆ ಶೂ ಗಿಡ್ಡ, ಬೇರೆ ದಾರಿಯಿಲ್ಲ. ಜಾಗ ಸರಿಯಾಗಿದ್ದೂ ಉಗುರು ಕಪ್ಪಾಗುತ್ತಿದ್ದರೆ ಜಾರುವಿಕೆಯ ದೋಷ. ಅದಕ್ಕೆ ಮದ್ದು ಶೂ ಮೇಲೆಯೇ ಇದೆ. ಲೇಸಿನ ಸಾಲಿನ ತುದಿಯಲ್ಲಿ, ಕಣಕಾಲಿನ ಹತ್ತಿರ, ಸಾಮಾನ್ಯವಾಗಿ ಖಾಲಿ ಬಿಡುವ ಒಂದು ತೂತು ಇರುತ್ತದಲ್ಲ, ಅದು ಇದ್ದದ್ದೇ ಇದಕ್ಕಾಗಿ.

1. ಮಾಮೂಲಿನಂತೆ ಕೊನೆಯ ಹಿಂದಿನ ತೂತಿನ ತನಕ ಲೇಸು ಏರಿಸಿ.
2. ಲೇಸನ್ನು ಅಡ್ಡ ದಾಟಿಸದೆ, ಅದೇ ಬದಿಯ ಕೊನೆಯ ತೂತಿಗೆ ಹೊರಗಿನಿಂದ ಒಳಕ್ಕೆ ಹಾಕಿ, ಸಣ್ಣದೊಂದು ಕುಣಿಕೆ ಉಳಿಸಿ. ಇನ್ನೊಂದು ಬದಿಗೂ ಹಾಗೆಯೇ.
3. ಎಡ ಲೇಸಿನ ತುದಿಯನ್ನು ಬಲದ ಕುಣಿಕೆಯೊಳಗೆ, ಬಲದ್ದನ್ನು ಎಡದ ಕುಣಿಕೆಯೊಳಗೆ ತೂರಿಸಿ.
4. ಹಿಮ್ಮಡಿಯನ್ನು ನೆಲಕ್ಕೆ ಕುಟ್ಟಿ ಹಿಂದಕ್ಕೆ ಕೂರಿಸಿ, ಎರಡೂ ತುದಿ ಹಿಂದಕ್ಕೂ ಕೆಳಕ್ಕೂ ಎಳೆದು ಗಂಟು ಹಾಕಿ.

ಕುಣಿಕೆ ಬಿಗಿದ ಮೇಲೆ ಹಿಮ್ಮಡಿ ಎತ್ತಿ ನೋಡಿದರೆ ಮೊದಲಿನ ಲಟಪಟ ನಿಂತಿರುತ್ತದೆ. ಮೂರು ಓಟ ಹೀಗೆ ಓಡಿ ನೋಡಿ. ನಿಲ್ಲದಿದ್ದರೆ ಆ ಶೂವಿನ ಹಿಮ್ಮಡಿಯ ಆಕಾರವೇ ನಿಮ್ಮ ಕಾಲಿಗಲ್ಲ. ಅಂದ ಹಾಗೆ, ಉಗುರು ನೇರಕ್ಕೆ ಗಿಡ್ಡವಾಗಿ ಕತ್ತರಿಸಿಕೊಂಡಿದ್ದೀರಾ ಎಂಬುದನ್ನೂ ನೋಡಿಕೊಳ್ಳಿ. ಎಷ್ಟೋ ಕಪ್ಪು ಉಗುರುಗಳ ಕಥೆ ನೇಲ್ ಕಟರ್‌ನಲ್ಲೇ ಮುಗಿಯುತ್ತದೆ.

ಕಿರುಬೆರಳು ಉರಿಯುತ್ತದೆ, ಬೆರಳ ಬುಡ ಜೋಮು ಹಿಡಿಯುತ್ತದೆ

ಇದು ಅಗಲದ ದೋಷ. ಚಿಕ್ಕಂದಿನಿಂದ ಬರಿಗಾಲು, ಚಪ್ಪಲಿಯಲ್ಲೇ ಅಡ್ಡಾಡಿದವರ ಪಾದ ಮುಂಭಾಗದಲ್ಲಿ ಹರಡಿಕೊಂಡಿರುವುದು ಸಾಮಾನ್ಯ. ಶೂಗಳಲ್ಲಿ ಗಂಡಸರ ಮಾಮೂಲಿ ಅಗಲ 'ಡಿ', ಹೆಂಗಸರದು 'ಬಿ'. ಅಗಲ ಪಾದದವರಿಗೆ ಗಂಡಸರ '2ಇ', ಇನ್ನೂ ಅಗಲಕ್ಕೆ '4ಇ' ಇರುತ್ತವೆ. ನ್ಯೂ ಬ್ಯಾಲೆನ್ಸ್, ಆಸಿಕ್ಸ್, ಬ್ರೂಕ್ಸ್ ಮಾಡುತ್ತವೆ. ಆದರೆ ಅಂಗಡಿಯವರು ಅವನ್ನು ಇಡುವುದು ಅಪರೂಪ. ಹಾಗಾಗಿ ಕೌಂಟರಿನಲ್ಲಿ ಸಿಗುವ ಸಲಹೆ ಒಂದೇ: "ಒಂದ್ ನಂಬರ್ ದೊಡ್ಡದು ತಗೊಳ್ರಿ."

ಈ ಸಲಹೆಯ ತೊಂದರೆ ಏನೆಂದರೆ, ಶೂ ಮಡಚಿಕೊಳ್ಳುವ ಗೆರೆ ಒಂದು ನಿಶ್ಚಿತ ಜಾಗದಲ್ಲಿರುತ್ತದೆ, ಬೆರಳುಗಳ ಬುಡದ ನೇರಕ್ಕೆ. ಯುಕೆ ಅಳತೆಯಲ್ಲಿ ಒಂದು ನಂಬರ್ ಎಂದರೆ ಸುಮಾರು 8.5 ಮಿ.ಮೀ., ಅರ್ಧ ನಂಬರ್ ಎಂದರೆ 4.2 ಮಿ.ಮೀ. ಅಗಲಕ್ಕಾಗಿ ಒಂದು ನಂಬರ್ ಏರಿಸಿದರೆ ಮಡಿಕೆ ಗೆರೆ ಬೆರಳುಗಳ ಅಡಿಗೆ ಸರಿಯುತ್ತದೆ, ಪಾದದ ಕಮಾನಿಗೆ ಆಸರೆಯಾಗುವ ಉಬ್ಬು ತಪ್ಪಿದ ಜಾಗದಲ್ಲಿ ಒತ್ತುತ್ತದೆ, ಹಿಮ್ಮಡಿ ಸಡಿಲವಾಗುತ್ತದೆ. ಕಿರುಬೆರಳಿನ ಉರಿ ನೀಗಿಸಲು ಹೋಗಿ ಮೇಲೆ ಹೇಳಿದ ಕಪ್ಪುಗುರನ್ನು ಕರೆದು ತಂದಂತೆ. ಅರ್ಧ ನಂಬರ್ ತನಕ ಸರಿ, ಅದಕ್ಕೂ ಮೀರಿದರೆ ಬೇರೆ ಮಾಡೆಲ್ ನೋಡುವುದೇ ಮೇಲು. ಹೆಂಗಸರು ಅದೇ ಸೆಂಟಿಮೀಟರಿನ ಗಂಡಸರ ಶೂ ಹಾಕಿ ನೋಡಬಹುದು, ಮುಂಭಾಗ ತುಸು ಅಗಲವಿರುತ್ತದೆ. ಆದರೆ ಹಿಮ್ಮಡಿಯೂ ಅಗಲವಿರುವುದರಿಂದ ಕುಣಿಕೆ ಗಂಟು ಬೇಕಾಗಬಹುದು.

ಅಗಲದ ಪರೀಕ್ಷೆಗೆ ಮತ್ತೆ ಇನ್‌ಸೋಲ್ ಸಾಕು. ಭಾರ ಬಿಟ್ಟು ನಿಂತಾಗ ಪಾದದ ಅಂಚು ಇನ್‌ಸೋಲಿನ ಆಚೆ ಚೆಲ್ಲಿಕೊಂಡರೆ, ಅಷ್ಟೂ ಮಾಂಸ ಶೂ ಗೋಡೆಯನ್ನು ತಳ್ಳುತ್ತಿದೆ ಎಂದರ್ಥ. ಹಳೆ ಶೂವಿನ ಕಿರುಬೆರಳಿನ ಜಾಗದಲ್ಲಿ ಬಟ್ಟೆ ಉಬ್ಬಿದೆಯೇ, ಹರಿದಿದೆಯೇ ನೋಡಿ. ಅದಕ್ಕಿಂತ ಒಳ್ಳೆಯ ಸಾಕ್ಷಿ ಇಲ್ಲ. ಮೂರನೇ, ನಾಲ್ಕನೇ ಬೆರಳಿನ ನಡುವೆ ಉರಿ, ಅಲ್ಲಿ ಹರಳೊಂದು ಸಿಕ್ಕಿಕೊಂಡಂತಹ ಭಾವ ಇದ್ದರೆ ಇಕ್ಕಟ್ಟಿನಲ್ಲಿ ನರ ಒತ್ತಿರಬಹುದು. ಅಗಲದ ಶೂಗೆ ಬದಲಾದ ಮೇಲೂ ಉಳಿದರೆ ಡಾಕ್ಟರಿಗೆ ತೋರಿಸುವ ವಿಷಯ.

ಪಾದದ ಮೇಲ್ಭಾಗ ನೋವು, ಹಿಮ್ಮಡಿ ಗುಳ್ಳೆ

ಮೇಲ್ಭಾಗದ ಜೋಮು ಲೇಸಿನದು. ನೋಯುವ ಜಾಗದ ನೇರಕ್ಕಿರುವ ಒಂದು ಜೋಡಿ ತೂತಿನಲ್ಲಿ ಲೇಸು ಅಡ್ಡ ದಾಟಿಸದೆ ಪಕ್ಕದಿಂದಲೇ ಮೇಲೇರಿಸಿ. ಬಹುತೇಕ ಅಲ್ಲಿಗೆ ಮುಗಿಯಿತು.

ಹಿಮ್ಮಡಿ ಗುಳ್ಳೆಗೆ ಮೊದಲ ಆರೋಪಿ ಹತ್ತಿಯ ಸಾಕ್ಸ್. ಬೇಸಗೆಯಲ್ಲಿ ವಿಜಯಪುರದ ಬಿಸಿಲು 40 ಡಿಗ್ರಿ ದಾಟುತ್ತದೆ, ಬೆಳಗಿನ ಆರಕ್ಕೇ ಬೆವರು. ಹತ್ತಿ ಬೆವರು ಕುಡಿದು ಹಿಡಿದಿಟ್ಟುಕೊಳ್ಳುತ್ತದೆ, ಒದ್ದೆ ಚರ್ಮ ಉಜ್ಜಿದರೆ ಗುಳ್ಳೆ ಏಳುತ್ತದೆ. ಪಾಲಿಯೆಸ್ಟರ್ ಅಥವಾ ನೈಲಾನ್ ಬೆರೆತ ಓಟದ ಸಾಕ್ಸ್ ಬೇಗ ಒಣಗುತ್ತವೆ. ಸಾಕ್ಸ್ ಬದಲಿಸಿದ ಮೇಲೂ ಗುಳ್ಳೆ ಎದ್ದರೆ ಶೂ ಹಿಂಭಾಗದ ಒಳಗೆ ಬೆರಳಾಡಿಸಿ. ಒಳಬಟ್ಟೆ ಸವೆದು ಗಟ್ಟಿ ಪ್ಲಾಸ್ಟಿಕ್ ಕೈಗೆ ಹತ್ತಿದರೆ ಆ ಜೋಡಿಯ ಕಾಲ ಮುಗಿದಿದೆ.

ಮೊಣಕಾಲು, ಮೀನಖಂಡ, ಕಣಕಾಲು

ಇಲ್ಲಿ ಶೂವನ್ನು ದೂರುವ ಮೊದಲು ಕ್ಯಾಲೆಂಡರ್ ನೋಡಬೇಕು. ಪೊಲೀಸ್ ಕಾನ್‌ಸ್ಟೆಬಲ್ ನೇಮಕಾತಿಯಲ್ಲಿ ಗಂಡಸರು 1600 ಮೀಟರ್ ಅನ್ನು 6 ನಿಮಿಷ 30 ಸೆಕೆಂಡಿನಲ್ಲಿ ಮುಗಿಸಬೇಕು. ಅಂದರೆ ಕಿಲೋಮೀಟರಿಗೆ ಸುಮಾರು 4 ನಿಮಿಷ 4 ಸೆಕೆಂಡು. ಅಧಿಸೂಚನೆ ಬಂದ ವಾರದಲ್ಲೇ ಹೊಸ ಶೂ ಕೊಂಡು, ಮರುದಿನದಿಂದ ದಿನವೂ ಜೋರಾಗಿ ಓಡಿ, ಮೂರನೇ ವಾರಕ್ಕೆ ಕಣಕಾಲು ಹಿಡಿದು ಕುಳಿತರೆ ದೋಷ ಓಟದ ಏರಿಕೆಯದು. ಹೊಸ ಶೂ ಅದೇ ವಾರ ಬಂದದ್ದರಿಂದ ಅದರ ಮೇಲೆ ಅಪವಾದ. ವಿಜಯಪುರದ ಓಟದ ಸ್ಪರ್ಧೆ ವೃಕ್ಷೋಥಾನ್ ಹೆರಿಟೇಜ್ ರನ್‌ಗೆ ಹೆಸರು ಕೊಟ್ಟು ಎರಡೇ ತಿಂಗಳಲ್ಲಿ 5 ಕಿ.ಮೀ.ಯಿಂದ 21ಕ್ಕೆ ಹಾರುವವರ ಮೊಣಕಾಲಿನದೂ ಇದೇ ಹಾಡು. ಎರಡು ವಾರ ದೂರವನ್ನು ಅರ್ಧಕ್ಕಿಳಿಸಿ, ಜೋರಿನ ಓಟ ಬಿಟ್ಟು ನೋಡಿ. ನೋವು ಇಳಿದರೆ ಹೊಸ ಶೂ ಬೇಕಿಲ್ಲ.

ಒಂದೇ ಕಾಲಿಗೆ ನೋವಿದ್ದರೆ ರಸ್ತೆಯನ್ನೂ ವಿಚಾರಿಸಿ. ಡಾಂಬರು ರಸ್ತೆ ಮಳೆ ನೀರು ಹರಿಯಲೆಂದು ಅಂಚಿಗೆ ಇಳಿಜಾರಾಗಿರುತ್ತದೆ. ವಾಹನಗಳಿಗೆ ಎದುರಾಗಿ ಬಲ ಅಂಚಿನಲ್ಲಿ ಓಡುವವರ ಬಲಗಾಲು ಸದಾ ತಗ್ಗಿನಲ್ಲಿ, ಎಡಗಾಲು ಏರಿನಲ್ಲಿ. ಸೊಲ್ಲಾಪುರ ರಸ್ತೆಯಲ್ಲಿ ವಾರಪೂರ್ತಿ ಹೀಗೆ ಓಡುವ ಬದಲು ಅರ್ಧದಷ್ಟು ದಿನ ಸಮತಟ್ಟಾದ ಮೈದಾನದಲ್ಲಿ ಓಡಿ ಹೋಲಿಸಿ ನೋಡಿ.

ಇವೆರಡೂ ಅಲ್ಲವಾದರೆ ಶೂ ಕಡೆ ಬನ್ನಿ. ಹಿಮ್ಮಡಿಯ ಅಡಿಯ ದಪ್ಪಕ್ಕೂ ಬೆರಳ ಬುಡದ ಅಡಿಯ ದಪ್ಪಕ್ಕೂ ಇರುವ ಅಂತರವನ್ನು ಡ್ರಾಪ್ ಎನ್ನುತ್ತಾರೆ, ಮಿಲಿಮೀಟರಿನಲ್ಲಿ ಅಳೆಯುತ್ತಾರೆ. ರಸ್ತೆ ಓಟದ ಶೂಗಳಲ್ಲಿ 8ರಿಂದ 12 ಹೆಚ್ಚಿನದು, 4 ಮತ್ತು ಅದಕ್ಕಿಂತ ಕಡಿಮೆ ಇದ್ದರೆ ಕಡಿಮೆಯದು. ಡ್ರಾಪ್ ಹೆಚ್ಚಿದ್ದಷ್ಟೂ ಭಾರ ಮೊಣಕಾಲಿನ ಕಡೆ, ಕಡಿಮೆಯಾದಷ್ಟೂ ಮೀನಖಂಡ ಮತ್ತು ಹಿಮ್ಮಡಿಯ ಹಿಂದಿನ ಸ್ನಾಯುರಜ್ಜುವಿನ ಕಡೆ ವಾಲುತ್ತದೆ. 10ರ ಡ್ರಾಪಿನ ಶೂ ಹಾಕುತ್ತಿದ್ದವರು ಒಮ್ಮೆಲೇ 4ರದ್ದು ಕೊಂಡರೆ ಒಂದೇ ವಾರದಲ್ಲಿ ಮೀನಖಂಡ ಕಲ್ಲಾಗುತ್ತದೆ. ಹಳೆಯ ಜೋಡಿಯ ಡ್ರಾಪ್ ಎಷ್ಟೆಂದು ಮಾಡೆಲ್ ಹೆಸರಿನಿಂದ ಹುಡುಕಿ ಬರೆದಿಟ್ಟುಕೊಂಡೇ ಅಂಗಡಿಗೆ ಹೋಗಿ.

ಅಟ್ಟೆ ಸತ್ತಿದೆಯೇ?

ಮೇಲೆ ಚೆಂದ, ಒಳಗೆ ಜೀವ ಇಲ್ಲ: ಹಳೆ ಶೂಗಳ ಸ್ಥಿತಿ ಹೆಚ್ಚಾಗಿ ಇದು. ಮೆತ್ತನೆ ಕೊಡುವುದು ನಡುವಿನ ಫೋಮ್ ಪದರ, ಸಾಮಾನ್ಯವಾಗಿ ಇವಿಎ ಎಂಬ ರಬ್ಬರಿನಂಥ ಪ್ಲಾಸ್ಟಿಕ್ ಅಥವಾ ಅದರ ಬೆರಕೆ. ಅದರೊಳಗಿನ ಗಾಳಿಯ ಸಣ್ಣ ಗುಳ್ಳೆಗಳು ತುಳಿತಕ್ಕೆ ಸಿಕ್ಕಿ ನಿಧಾನವಾಗಿ ಚಪ್ಪಟೆಯಾಗುತ್ತವೆ. ಮಾಮೂಲಿ ಆಯುಷ್ಯ 500ರಿಂದ 800 ಕಿ.ಮೀ. ದಿನಕ್ಕೆ 5 ಕಿ.ಮೀ.ಯಂತೆ ವಾರಕ್ಕೆ ಐದು ದಿನ ಓಡುವವರಿಗೆ 20ರಿಂದ 32 ವಾರ. ಮೈ ಭಾರ ಇದ್ದವರಿಗೆ, ಸಿಸಿ ರಸ್ತೆಯಲ್ಲೇ ಓಡುವವರಿಗೆ ಇನ್ನೂ ಬೇಗ.

ಪತ್ತೆಗೆ ಶೂವನ್ನು ಮೇಜಿನ ಮೇಲಿಟ್ಟು ಹಿಂದಿನಿಂದ ಕಣ್ಣಿನ ಮಟ್ಟದಲ್ಲಿ ನೋಡಿ. ಒಳಕ್ಕೋ ಹೊರಕ್ಕೋ ವಾಲಿ ನಿಂತಿದ್ದರೆ ಒಂದು ಬದಿಯ ಫೋಮ್ ಕುಸಿದಿದೆ. ಪಕ್ಕದ ಗೋಡೆಯಲ್ಲಿ ಅಡ್ಡ ಸುಕ್ಕುಗಳು ಭಾರವಿಲ್ಲದಾಗಲೂ ಉಳಿದಿದ್ದರೆ ಅದೂ ಅದೇ ಸುದ್ದಿ. ಅಡಿಯ ರಬ್ಬರಿನಲ್ಲಿ ಹಿಮ್ಮಡಿಯ ಹೊರ ಅಂಚು ಸವೆದಿರುವುದನ್ನು ಕಂಡು ಗಾಬರಿ ಬೇಡ, ಹೆಚ್ಚಿನವರ ಕಾಲು ಮೊದಲು ನೆಲ ಮುಟ್ಟುವುದೇ ಅಲ್ಲಿ. ಎಡಬಲದ ಸವೆತ ತೀರ ಬೇರೆಯಾಗಿದ್ದರೆ ಮಾತ್ರ ಯೋಚಿಸಿ.

ಎರಡು ವರ್ಷದ ಹಿಂದಿನ ಸ್ಟಾಕ್ ಅರ್ಧ ಬೆಲೆಗೆ ಸಿಕ್ಕಾಗ ಡಬ್ಬಿಯ ಮೇಲೋ, ನಾಲಿಗೆಯ ಒಳಗಿನ ಚೀಟಿಯ ಮೇಲೋ ತಯಾರಾದ ತಿಂಗಳು ಓದಿ. ಓಡದೆ ಇಟ್ಟರೂ ಅಂಟು ಮತ್ತು ಫೋಮ್ ಮುಪ್ಪಾಗುತ್ತವೆ. 'ಫಸ್ಟ್ ಕಾಪಿ' ಎಂದು ಮಾರುವುದರ ಬಗ್ಗೆ ಒಂದೇ ಮಾತು: ಮೇಲಿನ ಗುರುತು ನಕಲು ಮಾಡಬಹುದು, ಒಳಗಿನ ಫೋಮ್ ಹಾಗೆ ಬರುವುದಿಲ್ಲ. ನಡೆಯಲು ಆದೀತು, ಓಡಲು ಬೇಡ.

ಅಂಗಡಿಯಲ್ಲಿ ಹದಿನೈದು ನಿಮಿಷ

ಸಂಜೆ ಹೋಗಿ. ದಿನವಿಡೀ ಅಡ್ಡಾಡಿದ ಪಾದ ತುಸು ಊದಿಕೊಂಡಿರುತ್ತದೆ. ಓಡುವಾಗಲೂ ಹೀಗೇ ಊದುತ್ತದೆ. ಬೆಳಗ್ಗೆ ಹತ್ತಕ್ಕೆ ಕೊಂಡ ಬರೋಬರಿ ಶೂ ಎಂಟನೇ ಕಿಲೋಮೀಟರಿಗೆ ಇಕ್ಕಟ್ಟು. ಓಡುವಾಗ ಹಾಕುವ ಸಾಕ್ಸ್, ಇದ್ದರೆ ಹಳೆ ಶೂ, ಮನೆಯಲ್ಲಿ ಅಳೆದ ಪಾದದ ಉದ್ದ ಇವು ಮೂರೂ ಜೊತೆಗಿರಲಿ. ಅಳೆಯುವುದು ಸುಲಭ: ಗೋಡೆಗೆ ಹಿಮ್ಮಡಿ ತಾಗಿಸಿ ಹಾಳೆಯ ಮೇಲೆ ನಿಂತು, ಉದ್ದದ ಬೆರಳಿನ ತುದಿಗೆ ಇನ್ನೊಬ್ಬರಿಂದ ಗೆರೆ ಹಾಕಿಸಿ. ತಾವೇ ಬಗ್ಗಿ ಹಾಕಿದರೆ ಭಾರ ಬದಲಾಗಿ ಗೆರೆ ತಪ್ಪುತ್ತದೆ. ಎರಡೂ ಕಾಲು ಅಳೆಯಿರಿ, ದೊಡ್ಡದರ ಲೆಕ್ಕಕ್ಕೆ ಕೊಳ್ಳಿ.

"ನನ್ನದು ಎಂಟು" ಎಂಬ ಮಾತನ್ನು ಮನೆಯಲ್ಲೇ ಬಿಟ್ಟು ಹೋಗಿ. ಗಂಡಸರ ಶೂಗಳಲ್ಲಿ ನೈಕಿಯ ಯುಕೆ 8ರ ಚೀಟಿಯಲ್ಲಿ 27 ಸೆಂ.ಮೀ. ಎಂದಿರುತ್ತದೆ, ಅಡಿಡಾಸ್‌ನ ಯುಕೆ 8ರಲ್ಲಿ 26.5. ಎಂಟು ಎಂಟೇ, ಚೀಟಿಯ ಅಳತೆಯಲ್ಲಿ ಅರ್ಧ ಸೆಂಟಿಮೀಟರ್ ವ್ಯತ್ಯಾಸ. ಆದ್ದರಿಂದ ನಾಲಿಗೆಯ ಚೀಟಿಯಲ್ಲಿ 'ಸಿಎಂ' ಅಥವಾ 'ಜೆಪಿ' ಸಾಲು ನೋಡಿ (ಜೆಪಿ 265 ಎಂದರೆ 26.5 ಸೆಂ.ಮೀ.). ಪಾದದ ಉದ್ದಕ್ಕಿಂತ ಅರ್ಧದಿಂದ ಒಂದು ಸೆಂಟಿಮೀಟರ್ ಹೆಚ್ಚಿರುವ ಅಂಕಿಯಿಂದ ಶುರು ಮಾಡಿ, ಕೊನೆಯ ತೀರ್ಪು ಹೆಬ್ಬೆಟ್ಟಿನದೇ ಇರಲಿ.

ಎರಡೂ ಕಾಲಿಗೆ ಹಾಕಿ, ಲೇಸು ಪೂರ್ತಿ ಕಟ್ಟಿ, ನಿಂತು, ಮೂತಿಯ ಮೇಲೆ ಹೆಬ್ಬೆಟ್ಟು ಒತ್ತಿ ಜಾಗ ನೋಡಿ. ಬೆರಳುಗಳನ್ನು ಒಳಗೇ ಪಿಯಾನೋ ನುಡಿಸುವಂತೆ ಆಡಿಸಲು ಆಗಬೇಕು. ಅನುಮಾನವಿದ್ದರೆ ಒಂದು ಕಾಲಿಗೆ 8, ಇನ್ನೊಂದಕ್ಕೆ 8.5 ಹಾಕಿ ಎರಡು ನಿಮಿಷ ಅಡ್ಡಾಡಿ, ಆಮೇಲೆ ಅದಲು ಬದಲು ಮಾಡಿ. ಯಾವುದು ಸರಿ ಎಂದು ಕಾಲೇ ಹೇಳುತ್ತದೆ. ಆಮೇಲೆ ಓಡಲೇಬೇಕು. ನಡೆದು ನೋಡಿದ್ದು ಚಪ್ಪಲಿಯ ಪರೀಕ್ಷೆ. ಅಂಗಡಿಯ ನುಣುಪು ಟೈಲ್ಸಿನ ಮೇಲೆ ಜಾರಬಹುದು, ಜಾಗವೂ ಕಡಿಮೆ. "ಅಣ್ಣಾರ, ಅಟ್ಟಿಗೆ ಮಣ್ಣು ಹತ್ತಂಗಿಲ್ಲ, ಹೊರಗ ಕಟ್ಟಿ ಮ್ಯಾಲ ನಾಕ್ ಸರ್ತಿ ಓಡಿ ನೋಡ್ತೀನ್ರಿ" ಎಂದು ಕೇಳಿ. ಗಿರಾಕಿ ದಟ್ಟಣೆ ಇಲ್ಲದ ವೇಳೆ ಒಪ್ಪುವವರು ಇದ್ದಾರೆ. ಒಪ್ಪದಿದ್ದರೆ ನಿಂತಲ್ಲೇ ಒಂದು ನಿಮಿಷ ಓಡಿ, ಒಂಟಿಗಾಲಿನಲ್ಲಿ ಹತ್ತು ಸಲ ಜಿಗಿಯಿರಿ. ಮೆಟ್ಟಿಲಿದ್ದರೆ ಇಳಿದು ನೋಡಿ. ಇಳಿಯುವಾಗ ಬೆರಳು ಮೂತಿಗೆ ತಾಗಿದರೆ ಅಲ್ಲಿಗೇ ಬಿಡಿ.

"ಹಾಕ್ಕೋತ ಹಾಕ್ಕೋತ ಸಡ್ಲ ಆಗ್ತಾವ್ರೀ" ಎಂಬುದು ಚರ್ಮದ ಬೂಟಿನ ಕಾಲದ ಮಾತು. ಇಂದಿನ ನೇಯ್ಗೆ ಬಟ್ಟೆ ತುಸು ಸಡಿಲಾದರೂ ಶೂ ಉದ್ದ ಆಗುವುದಿಲ್ಲ. ಅಂಗಡಿಯಲ್ಲಿ ಕಚ್ಚಿದ್ದು ರಸ್ತೆಯಲ್ಲಿ ಇನ್ನೂ ಕಚ್ಚುತ್ತದೆ.

ಹೆಬ್ಬೆಟ್ಟಿನಿಂದ ಇನ್‌ಸೋಲ್ ಒತ್ತಿ "ಎಷ್ಟು ಮೆತ್ತಗ ಅದ ನೋಡ್ರಿ" ಎಂದು ತೋರಿಸುವುದು ಪರೀಕ್ಷೆಯಲ್ಲ. ಮೆಮೊರಿ ಫೋಮ್ ಕೈಗೆ ಹಿತ, ಆದರೆ ಕೆಳಗಿನ ಫೋಮ್ ಮಾಡುವ ಕೆಲಸ ಅದು ಮಾಡದು. ಒದ್ದೆ ಪಾದದ ಗುರುತು ನೋಡಿ "ನಿಮ್ದು ಫ್ಲ್ಯಾಟ್ ಫೂಟ್, ಸಪೋರ್ಟ್ ಶೂ ಬೇಕು" ಎನ್ನುವುದೂ ಅರೆಬೆಂದ ಶಾಸ್ತ್ರ. ನಿಂತ ಗುರುತು ಓಡುವ ಕಾಲಿನ ಚಲನೆ ಹೇಳುವುದಿಲ್ಲ. ಓಡಿದಾಗ ಹಿತವೆನಿಸಿದ್ದನ್ನೇ ಆರಿಸಿ. ತೂಕದ ಲೆಕ್ಕ ನಿಜ: ಪ್ರತಿ ಶೂಗೆ 100 ಗ್ರಾಂ ಹೆಚ್ಚಿದರೆ ಓಟದ ಶ್ರಮ ಸುಮಾರು ಶೇ. 1 ಏರುತ್ತದೆ. ಆದರೆ ದಿನದ ಓಟಕ್ಕೆ ಇಷ್ಟರ ಸಲುವಾಗಿ ಅಗಲ ಬಿಟ್ಟುಕೊಡುವುದು ಲಾಭದ ವ್ಯಾಪಾರವಲ್ಲ. ಅಟ್ಟೆಯೊಳಗೆ ಕಾರ್ಬನ್ ಪ್ಲೇಟ್ ಇರುವ ದುಬಾರಿ ಶೂ ಹೊಸಬರಿಗೆ ಬೇಕಿಲ್ಲ.

ಬೇಕಾದ ಅಗಲ ಊರಲ್ಲಿ ಸಿಗದೆ ಆನ್‌ಲೈನ್‌ನಲ್ಲಿ ತರಿಸಿದರೆ, ಟ್ಯಾಗ್ ಕೀಳದೆ, ಡಬ್ಬಿ ಹರಿಯದೆ, ಗುಡಿಸಿ ಒರೆಸಿದ ನೆಲದ ಮೇಲೆ ಸಂಜೆ ಇದೇ ಪರೀಕ್ಷೆ ಮಾಡಿ. ವಾಪಸ್ ಕಳಿಸುವ ಗಡುವು ಬುಕ್ ಮಾಡುವ ಮುಂಚೆಯೇ ಓದಿರಬೇಕು. ಒಮ್ಮೆ ರಸ್ತೆಗಿಳಿದ ಅಟ್ಟೆ ವಾಪಸ್ ಹೋಗದು.

ಮನೆಗೆ ತಂದ ಮೇಲೆ

ಹೊಸದನ್ನು ಮೊದಲ ಎರಡು ಮೂರು ವಾರ ಹಳೆಯದರೊಂದಿಗೆ ದಿನ ಬಿಟ್ಟು ದಿನ ಹಾಕಿ, ಅದೂ 3-4 ಕಿ.ಮೀ. ಓಟಕ್ಕೆ. ನೇಮಕಾತಿಯ ದಿನವೋ ಸ್ಪರ್ಧೆಯ ದಿನವೋ ಹೊಚ್ಚಹೊಸ ಶೂ ತೊಡಬಾರದು.

ಫೋಮ್ ಬಿಸಿಗೆ ಮೆತ್ತಗಾಗುತ್ತದೆ, ಅಂಟು ಬಿಡುತ್ತದೆ. ಏಪ್ರಿಲ್‌ನಲ್ಲಿ ಶೂವನ್ನು ಕಾರಿನ ಡಿಕ್ಕಿಯಲ್ಲಿ ಬಿಡಬೇಡಿ, ಮಾಳಿಗೆಯ ಬಿಸಿಲಿಗೆ ಒಣಹಾಕಬೇಡಿ. ಮಳೆಯಲ್ಲಿ ಎರಿ ಮಣ್ಣು ಮೆತ್ತಿದರೆ ಹಸಿ ಇರುವಾಗ ಉಜ್ಜಬೇಡಿ, ಒಣಗಿದ ಮೇಲೆ ಕುಟ್ಟಿ ಉದುರಿಸಿ ಹಳೆ ಹಲ್ಲುಜ್ಜುವ ಬ್ರಷ್‌ನಿಂದ ತೊಳೆಯಿರಿ. ವಾಷಿಂಗ್ ಮಷಿನ್ ಬೇಡ. ಒದ್ದೆಯಾದದ್ದಕ್ಕೆ ಇನ್‌ಸೋಲ್ ತೆಗೆದು ಹಳೆ ಪೇಪರ್ ತುರುಕಿ, ಎರಡು ಮೂರು ಗಂಟೆಗೊಮ್ಮೆ ಬದಲಿಸಿ, ಫ್ಯಾನಿನ ಕೆಳಗಿಡಿ. ಬೆಳಗಾವಿಯ ಜುಲೈ ಮಳೆಯಲ್ಲಿ ಓಡುವವರಿಗೆ ಒಂದು ರಾತ್ರಿ ಸಾಲದು, ಅಲ್ಲಿ ಎರಡು ಜೋಡಿ ಇಟ್ಟುಕೊಳ್ಳುವುದು ಅನಿವಾರ್ಯ.

ಇನ್‌ಸೋಲಿನ ಅಡಿಯಲ್ಲಿ ಬಾಲ್‌ಪೆನ್ನಿನಿಂದ ಕೊಂಡ ತಾರೀಖು, ಡ್ರಾಪ್, ಸೆಂಟಿಮೀಟರ್ ಅಳತೆ ಬರೆದಿಡಿ. ಮುಂದಿನ ಸಲ ಮೊಣಕಾಲು ತಕರಾರು ತೆಗೆದಾಗ ಮೊದಲು ಬಿಚ್ಚಿ ಓದಬೇಕಾದ ಕಾಗದ ಅದೇ.